ಧನಬಹಾದೂರನ ಕಬ್ಬಿಣದ ತುಂಡು

ಜರ್ಮನಿಯ ಈ ಎರ್ಲಾಂಗೆನ್ ಹಾಸ್ಟೆಲಿನ ಕನ್ನಡಿಗರೇ, ಸಿಟ್ಟು ಇಳಿಯುವ ಮೊದಲೇ ಇದನ್ನು ಬರೆದು ಬೋರ್ಡಿಗೆ ಅಂಟಿಸುತ್ತಿದ್ದೇನೆ.

ಇವತ್ತು ನಮ್ಮ ಪಂಪ್ ಕಾರ್ಖಾನೆಯ ಆಫೀಸಿನವರು ನನ್ನನ್ನು ಕರೆಸಿ, "ನೇಪಾಳದವನೊಬ್ಬ ಬಂದಿದ್ದಾನೆ, ಅವನ ಭಾಷೆ ನಿಮಗೆ ಬಂದೇ ಬರುತ್ತಲ್ಲ" ಅಂದರು. ನನ್ನ ಹರಕು ಹಿಂದಿಯೇ ಗತಿಯಾಯಿತು.

ಹುಡುಗ ಧನಬಹಾದೂರ್. ಕಠ್ಮಂಡುವಿನಲ್ಲಿ ಜರ್ಮನ್ ಮೇಷ್ಟ್ರ ಕೈಕೆಳಗೆ ಮೂರು ವರ್ಷ ಫಿಟ್ಟರ್ ಕೆಲಸ ಕಲಿತವನು. ಸರ್ಟಿಫಿಕೇಟಿನ ಜೊತೆಗೆ, ಪರೀಕ್ಷೆಗೆಂದು ಅರದಿಂದ ಉಜ್ಜಿದ್ದ ಚೌಕನೆಯ ಕಬ್ಬಿಣದ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ. ವರ್ಕ್‌ಶಾಪಿನ ಮೈಸ್ಟರ್, ಅಂದರೆ ಮುಖ್ಯ ಮೇಸ್ತ್ರಿ, ಅದಕ್ಕೆ ಮೂಲೆಮಟ್ಟ ಹಿಡಿದು ಕಿಟಕಿಯತ್ತ ಎತ್ತಿ ನೋಡಿದ. ನಡುವೆ ಒಂದೆಳೆ ಬೆಳಕೂ ತೂರಲಿಲ್ಲ, ಅಷ್ಟು ಕರಾರುವಾಕ್ಕು.

ಗುಮಾಸ್ತ ಮಾತ್ರ ಟೈಪ್‌ರೈಟರಿನಿಂದ ತಲೆಯೆತ್ತದೆ, "ಗುಡಿಸೋ ಕೆಲಸ ಖಾಲಿ ಇದೆ" ಅಂದ.

"ಕಲಿಸಿದವರು ನಿಮ್ಮವರೇ ಕಣ್ರೀ!" ಅಂದೆ.

"ಇರಬಹುದು. ಕಲಿತದ್ದು ಇಲ್ಲಿ ಅಲ್ಲವಲ್ಲ."

ಧನಬಹಾದೂರ್ ಮೆಲ್ಲಗೆ, "ಅಣ್ಣಾ, ಏನಂತೆ?" ಎಂದು ಕೇಳಿದ. ಅದನ್ನು ಹಿಂದಿಯಲ್ಲಿ ಹೇಳುವಾಗ ನನಗೇ ನಾಚಿಕೆಯಾಯಿತು.

ಅವನು ಕಬ್ಬಿಣವನ್ನು ಮತ್ತೆ ಕಟ್ಟಿಕೊಳ್ಳಲು ಕರವಸ್ತ್ರ ಹರವಿ ಕೈಚಾಚಿದ. ಮೈಸ್ಟರ್ ಕಬ್ಬಿಣ ಕೊಡಲಿಲ್ಲ. "ಇದು ಇಲ್ಲೇ ಇರಲಿ. ಕೆಲಸ ಅಂದ್ರೆ ಹೀಗಿರಬೇಕು ಅಂತ ನಮ್ಮ ಹೊಸ ಹುಡುಗರಿಗೆ ತೋರಿಸ್ತೀನಿ" ಅಂದ.

ಸೋಮವಾರದಿಂದ ಆ ಕಬ್ಬಿಣ ಮೇಜಿನ ಮೇಲೆ ಕೂತು ಜರ್ಮನ್ ಹುಡುಗರಿಗೆ ಪಾಠ ಹೇಳುತ್ತದೆ. ಅದನ್ನು ಮಾಡಿದವನು ಅದೇ ಮೇಜಿನ ಕೆಳಗೆ ಕಸ ಗುಡಿಸುತ್ತಾನೆ.