ಬಟನ್ ಒತ್ತಿದವರು

ಪಾಂಡವಪುರದಲ್ಲಿ ನನಗೆ ಪ್ರೋಗ್ರಾಮಿಂಗ್ ಕಲಿಸಿದ ಮೇಷ್ಟ್ರು ಪರದೆಯ ಮೇಲಿನ ಯಾವ ಬಟನ್ ಮುಟ್ಟುವ ಮೊದಲೂ ತೋರುಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. "ಬೆರಳು ಒತ್ತುದ್ರೇನೆ ಬಟನ್ ಮಾತಾಡ್ಬೇಕು ಕಣ್ಲಾ. ಅದ್ರ ಬಾಯಲ್ಲಿ ನಾವು ಮಾತಾಡ್ಬಾರ್ದು," ಎನ್ನುವುದು ಅವರ ಮಾತು.

ನಾನು ಅದರ ಬಾಯಲ್ಲಿ ಮಾತಾಡಿದೆ. ನಾಗಮಂಗಲದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು 'ಮುಂದಿನವರು' ಎಂಬ ಬಟನ್ ಒತ್ತಿದರೆ ಹೊರಗಿನ ಸ್ಪೀಕರ್ ಟೋಕನ್ ನಂಬರು ಕೂಗುತ್ತಿತ್ತು. ಹತ್ತು ನಿಮಿಷ ಅವರು ಒತ್ತದಿದ್ದರೆ, ಒತ್ತಿದಂತೆ ಬಟನ್ನಿನ ಸಿಗ್ನಲ್ಲನ್ನು ನನ್ನ ಕೋಡೇ ಹೊರಡಿಸುವಂತೆ ಬರೆದಿದ್ದೆ.

ಒಂದು ಬೆಳಿಗ್ಗೆ, ಡಾಕ್ಟರು ಬರುವ ಮುಂಚೆಯೇ ಸ್ಪೀಕರ್ ಕೂಗಿತು. ಒಳಗೆ ಹೋದ ಅಜ್ಜಿ ಹಾಗೇ ಹೊರಬಂದರು. "ಒಳ್ಗೆ ಯಾರೂ ಇಲ್ಲ ಕಣಪ್ಪ. ಕರ್ದೋರ್ಯಾರು?" ಕಂಪ್ಯೂಟರಿನ ದಾಖಲೆಯಲ್ಲಿ ಮಾತ್ರ 'ಬಟನ್ ಒತ್ತಲಾಗಿದೆ' ಎಂದಿತ್ತು.

ಸುದ್ದಿ ಕೇಳಿ ಕ್ಲಿನಿಕ್ಕಿಗೆ ಬಂದ ಮೇಷ್ಟ್ರು ಬೈಯಲಿಲ್ಲ. ನಂಬರು ಕೂಗುವ ಕೆಲಸವನ್ನು ಬೇರೆ ಫಂಕ್ಷನ್ನಿಗೆ, ಅಂದರೆ ಕೋಡಿನ ಬೇರೊಂದು ತುಂಡಿಗೆ, ಹಾಕಿದರು. ಸಮಯ ಮೀರಿದರೆ ಕೋಡು ಬಟನ್ನಿನ ತಂಟೆಗೆ ಹೋಗದೆ ಅದನ್ನೇ ನೇರ ನಡೆಸಿ, ದಾಖಲೆಯಲ್ಲಿ 'ಸಮಯ ಮೀರಿದೆ' ಎಂದು ಬರೆಯಬೇಕು. "ಇನ್ಮೇಲೆ ಒತ್ತಲಾಗಿದೆ ಅಂತ ಬಂದ್ರೆ, ಬೆರಳೇ ಒತ್ತಿರ್ತದೆ ಬುಡು."

ಮರುದಿನ ಬೆಳಿಗ್ಗೆ ಡಾಕ್ಟರ ಕೋಣೆಯ ಬೀಗದ ಕೈ ಮೇಷ್ಟ್ರ ಬಳಿಯೇ ಇತ್ತು. ಅವರು ಬೀಗ ತೆಗೆಯುವ ಮುಂಚೆಯೇ ಸ್ಪೀಕರ್ ಒಂದನೇ ನಂಬರು ಕೂಗಿತು. ತೆಗೆದು ನೋಡಿದರೆ ಒಳಗೆ ಯಾರೂ ಇರಲಿಲ್ಲ. ಪರದೆಯಲ್ಲಿ 'ಬಟನ್ ಒತ್ತಲಾಗಿದೆ' ಎಂದಿತ್ತು.

ಮೇಷ್ಟ್ರು ಬೆರಳನ್ನು ಅಂಗಿಗೆ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ನಿಂತರು. ಪರದೆಯನ್ನು ಮುಟ್ಟಲಿಲ್ಲ.