ಹಾರ ಮರಳಿಸಿದ ನಾಯಕಿ

ಆ ಹಾರ ಸೇವಂತಿಗೆಯದೋ ಚೆಂಡುಹೂವಿನದೋ ಖಾತ್ರಿಯಿಲ್ಲ. ನೆನಪಿನಲ್ಲಿ ಅದು ಹಳದಿ, ಆದರೆ ಆ ನೆನಪನ್ನು ನಾನು ನಂಬುವುದಿಲ್ಲ. ಗೊತ್ತಿರುವುದು ಇಷ್ಟು: ಹಳೆಯದೊಂದು ಪ್ರೇಮಪ್ರಹಸನವನ್ನು ಪೂರ್ತಿ ಹಾಡಿನಲ್ಲೇ ಹೊಸದಾಗಿ ಬರೆದಿದ್ದೆ. ಜಗಳವೂ ಹಾಡು, ಚಹಾ ತರಿಸುವುದೂ ಹಾಡು. ಮದುವೆಯೇ ಬೇಡವೆನ್ನುವ ಹೆಣ್ಣು ಕೊನೆಗೆ ಒಪ್ಪಿ ಹಾರ ಹಾಕುತ್ತಾಳೆ. ಆ ಕೊನೆಯ ಹಾಡನ್ನು ಎರಡು ವರ್ಷ ತಿದ್ದಿದ್ದೆ.

ನಮ್ಮ ಕಡೆ ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಾರೆ, ನಟರು ಅದನ್ನೇ ಮತ್ತೆ ಹಾಡುತ್ತಾರೆ. ಸತ್ತವನೂ ಎದ್ದು ಹಾಡಿ ಮತ್ತೆ ಸಾಯುವುದುಂಟು. ನನ್ನ ನಾಟಕದಲ್ಲಿ ಅದು ನಡೆಯಕೂಡದೆಂದು ಪಟ್ಟು ಹಿಡಿದೆ.

ನಾಯಕಿಯ ಪಾತ್ರದಾಕೆ ಗುಳೇದಗುಡ್ಡದಲ್ಲಿ ಮನೆಯ ಮಗ್ಗದ ಮೇಲೆ ಕುಪ್ಪಸದ ಖಣ ನೇಯುವವಳು. ತಾಲೀಮಿನಲ್ಲಿ ಕೇಳಿದಳು:

"ಮಂದಿ ಕೇಳಿದ್ರ ಇಲ್ಲ ಅಂತ ಹೆಂಗ ಅನ್ನೂದ್ರಿ, ಸರ?"

"ಒಮ್ಮಿ ಒಪ್ಪಿದಾಕಿ ಮತ್ತೊಮ್ಮಿ ಹೆಂಗ ಒಪ್ತಾಳ್ರಿ, ಅಕ್ಕಾರ?" ಎಂದೆ.

ಹಾರ್ಮೋನಿಯಂ ಮಾಸ್ತರರು ನಕ್ಕರು. "ನೀವು ಬರೀರಿ. ಮಂದಿನ್ನ ನಾ ನೋಡೇನಿ."

ಮೊದಲ ಪ್ರದರ್ಶನ ಇಳಕಲ್ಲಿನಲ್ಲಿ. ನಾಯಕನ ಕೊರಳಿಗೆ ಹಾರ ಬಿದ್ದದ್ದೇ ತಡ, ಹಿಂದಿನ ಸಾಲಿನಿಂದ ಕೂಗು. ಪರದೆಯ ಹಗ್ಗವನ್ನು ಬೇಕೆಂದೇ ನಾನು ಹಿಡಿದು ನಿಂತಿದ್ದೆ. ಎಳೆದೆ. ಅರ್ಧಕ್ಕೆ ಬಂದ ಪರದೆಯನ್ನು ಆಕೆ ಮೊಣಕೈಯಿಂದ ತಡೆದಳು. ನಾಯಕನ ಕೊರಳಿನ ಹಾರ ತೆಗೆದು ಅವನ ಕೈಗಿಟ್ಟು, ಬೆನ್ನು ತಿರುಗಿಸಿ, ಮೊದಲ ಅಂಕದ 'ಒಲ್ಲೆ' ಹಾಡನ್ನು ಎತ್ತಿಕೊಂಡಳು. ಮಾಸ್ತರರ ಬೆರಳುಗಳು ಒಂದು ಕ್ಷಣ ತಡವರಿಸಿ ಅವಳ ಹಾಡನ್ನು ಹಿಡಿದವು. ನಾಯಕ, ಪಾಪ, ಮೊದಲಿನಿಂದ ಬೇಡಿಕೊಂಡು ಮತ್ತೆ ಒಪ್ಪಿಸಿದ. ಜನ ಮತ್ತೆ ಕೂಗಿದರು. ಹೀಗೆ ಮೂರು ಸಲ. ಎರಡೇ ಎನ್ನುತ್ತಾಳೆ ಆಕೆ.

"ನಾ ಬರದದ್ದು ಹಿಂಗಲ್ರಿ," ಎಂದೆ ಆಮೇಲೆ.

ಆಕೆ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. "ಒಪ್ಪಿದಾಕಿ ಮತ್ತ ಒಪ್ಪಾಕ ಬರಂಗಿಲ್ಲಂತ ನೀವ ಹೇಳಿದ್ರಲ್ರಿ. ಅದಕ್ಕ ಮೊದಲ ಒಲ್ಲೆ ಅಂದೆ."

ಮಾಸ್ತರರು ಕೆಮ್ಮಿದಂತೆ ಮಾಡಿದರು.

ನಾನು ಸೋಲಲಿಲ್ಲ. ಕೆರೂರಿನ ಪ್ರದರ್ಶನಕ್ಕೆ ಮೊದಲು ನಾನು ಬರೆದ ಕೊನೆಯನ್ನೇ ಮತ್ತೆ ಹತ್ತು ದಿನ ತಾಲೀಮು ಮಾಡಿಸಿದೆ. ಆಕೆ ಎದುರಾಡದೆ ಹಾಡಿದಳು. ಕೆರೂರಿನಲ್ಲಿ ಹಾರ ಬಿತ್ತು, ಚಪ್ಪಾಳೆ ಬಿತ್ತು. ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ನಾನು ಹಗ್ಗವನ್ನು ಗಟ್ಟಿಯಾಗಿ ಹಿಡಿದೆ. ಆಕೆ ಒಂದಿಷ್ಟು ಹೊತ್ತು ಜನರನ್ನೇ ನೋಡುತ್ತ ನಿಂತಳು. ಆಮೇಲೆ ಹಾರ ತೆಗೆದು ಅವನ ಕೈಗಿಟ್ಟಳು.

ಎಳೆಯದೆ ನಾನು ಹಗ್ಗ ಬಿಟ್ಟೆ.