ಬೀಮಿನ ನಡು

ಗಡಹಿಂಗ್ಲಜದ ನನ್ನ ತವರಿನಲ್ಲಿ ಅಡುಗೆಮನೆಯೆಂದರೆ ಅಡುಗೆಮನೆ. ಮದುವೆಯಾಗಿ ಇಚಲಕರಂಜಿಗೆ ಬಂದರೆ ಒಲೆ ಮಗ್ಗದ ಶೆಡ್ಡಿನ ಮೂಲೆಯಲ್ಲಿತ್ತು. ಹಾರಿಬಂದ ಅರಳೆ ಹಿಟ್ಟಿನಲ್ಲಿ, ಸಾರಿನಲ್ಲಿ, ಕೂಸಿನ ಮೂಗಿನಲ್ಲಿ. ಎಪ್ಪತ್ತರ ದಶಕದ ಕೊನೆಗೆ ಶೆಡ್ಡಿಗೆ ಸ್ಲ್ಯಾಬ್ ಹಾಕಿ ಮೇಲೆ ಮನೆ ಕಟ್ಟುವುದೆಂದಾಗ ನಾನು ಕೇಳಿದ್ದು ಒಂದೇ, ಮೇಲೊಂದು ಅಡುಗೆಮನೆ.

ಪಾತ್ರೆ ತೊಳೆದ ನೀರು ಹಿತ್ತಿಲ ಗಟಾರಕ್ಕೆ ಹೋಗಬೇಕು. ಪೈಪನ್ನು ಬೀಮಿನ ಕೆಳಗಿಂದ ಒಯ್ದರೆ ಮಗ್ಗದ ತಲೆಗೆ ಬಡಿಯುತ್ತಿತ್ತು. ಹಾಗಾಗಿ ಬೀಮಿನಲ್ಲೇ ತೂತು ಬಿಡಲು ಕೊಲ್ಹಾಪುರದ ಇಂಜಿನಿಯರರು ಒಪ್ಪಿದರು. ‘ಭೋಕ ಮಧ್ಯಾವರ ಪಾಯಿಜೆ’ ಎಂದು ಮರಾಠಿಯಲ್ಲಿ ಹೇಳಿಹೋದರು. ನನ್ನ ಗಂಡ ಅದನ್ನೇ ಗಾರೆ ಕೆಲಸದ ಗೌಂಡಿಗೆ ಕನ್ನಡದಲ್ಲಿ ಹೇಳಿದರು, ತೂತು ನಡಕ ಬರಲಿ ಎಂದು. ಗೌಂಡಿ ಬೀಮಿನ ಮೇಲಿನ ಕಬ್ಬಿಣದ ಸಳಿಗೂ ಕೆಳಗಿನ ಸಳಿಗೂ ನಟ್ಟನಡುವೆ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತೂತಿನ ಜಾಗಕ್ಕೆ ತಗಡಿನ ಕೊಳವೆ ಕಟ್ಟಿದ. ಕಟ್ಟಿದ್ದು ಮಾತ್ರ ನನ್ನ ಅಡುಗೆಮನೆಯ ನೇರಕ್ಕೆ, ಕಂಬದ ಮಗ್ಗುಲಲ್ಲಿ.

ಕಾಂಕ್ರೀಟ್ ಸುರಿಯುವ ಮುಂಚೆ ಇಂಜಿನಿಯರರು ಬಂದು ನೋಡಿ ತಲೆ ಚಚ್ಚಿಕೊಂಡರು. ಅವರು ಹೇಳಿದ್ದು ಬೀಮಿನ ಉದ್ದದ ನಡು. ಕಂಬದ ಮಗ್ಗುಲೆಂದರೆ ಮೇಲಿನ ಭಾರವೆಲ್ಲ ಕಂಬಕ್ಕೆ ದಾಟುವ ಜಾಗ, ಅಲ್ಲಿ ಟೊಳ್ಳು ಬಿಟ್ಟರೆ ಬೀಮು ಓರೆಯಾಗಿ ಸೀಳುತ್ತದೆ. ಉದ್ದಕ್ಕೂ ಎತ್ತರಕ್ಕೂ ನಡುವೆ ಬಿಟ್ಟು ಎರಡೂ ಕಡೆ ಸಳಿ ಸುತ್ತುವ ಕಬ್ಬಿಣದ ರಿಂಗ್ ಒತ್ತಾಗಿ ಕಟ್ಟಿದರೆ ಭಯವಿಲ್ಲ ಎಂದರು. ಯಾವ ನಡು ಅಂತ ಮೊದಲೇ ಬಾಯಿಬಿಡಬಾರದಿತ್ತೇ ಮಹಾರಾಯ ಎಂದು ನಾನು ಒಳಗೊಳಗೇ ಬೈದೆ.

ಪೈಪಿಗೆ ತಿರುವು ಕೊಟ್ಟರೆ ಅಗುಳು ಸಿಕ್ಕಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ತೂತು ಸರಿದರೆ ಅಡುಗೆಮನೆಯೂ ನಡುಮನೆಗೆ ಸರಿಯಬೇಕು. ಅಲ್ಲಿಯೋ, ನೂಲಿನ ವ್ಯಾಪಾರಿಗಳಿಗಾಗಿ ಗಾದಿ ಲೋಡು ಹಾಕಿ ಬೈಠಕ್ ಮಾಡಬೇಕೆಂದು ನನ್ನ ಗಂಡನ ಆಸೆ. ಒಗ್ಗರಣೆ ಘಾಟಿನಲ್ಲಿ ಯಾವ ಸಾಹುಕಾರ ಕೂತಾನು, ತೂತೇ ಬೇಡ, ಒಲೆ ಕೆಳಗೇ ಇರಲಿ ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಪರರ ಮುಂದೆ ಬಾಯಿ ಮಾಡುವಂತಿರಲಿಲ್ಲ; ಚಹದ ಕಪ್ಪುಗಳನ್ನು ಸಪ್ಪಳವಾಗುವಂತೆ ಇಟ್ಟೆ.

ಅತ್ತೆ ಅಲ್ಲೇ ಇಟ್ಟಿಗೆಗಳ ಮೇಲೆ ಕೂತಿದ್ದರು. ಯಾವಾಗಲೂ ಮಗನ ಮಾತಿಗೆ ಹೂಂಗುಟ್ಟುವವರು.

‘ನಾ ಜನ್ಮಪೂರ್ತಿ ಅರಳಿ ತಿಂದೇನಿ,’ ಎಂದರು. ‘ಇಕಿ ಯಾಕ ತಿನ್ನಬೇಕು? ನಿನ್ನ ಸಾವಕಾರ್ರು ಬಾಗಲದಾಗ ಕುಂದರ್ಲಿ.’

ನನ್ನ ಗಂಡ ಕೊಳವೆ ಬಿಚ್ಚಿ ಬೀಮಿನ ಉದ್ದದ ನಡುವಿಗೆ ಕಟ್ಟುವಂತೆ ಗೌಂಡಿಗೆ ಕೈಮಾಡಿದರು.

ಬೀಮಿಗೆ ಒಂದು ಬಿರುಕೂ ಬರಲಿಲ್ಲ. ಮೇಲಿನ ಒಲೆಯಲ್ಲಿ ಮೊದಲ ರೊಟ್ಟಿ ಬೇಯಿಸಿ ಅತ್ತೆಗೆ ಬಡಿಸಿದೆ. ಅವರು ಮುರಿಯುವ ಮೊದಲು ಅದರ ಮೇಲೆ ಫೂ ಎಂದು ಊದಿದರು, ಅರಳೆ ಹಾರಿಸಲು. ಆಮೇಲೆ ತಾವೇ ನಕ್ಕರು. ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿ ಬಂತು.